ಕ್ಯಾರಿಯರ್ ಇರುವ ಸೈಕಲ್

ನಮ್ಮ ಕಮ್ಮನಹಳ್ಳಿಯ ಯಾವ ಬಾಡಿಗೆ ಕಟ್ಟಡಕ್ಕಾದರೂ ಹೋಗಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ, ಅಲ್ಲೊಂದು ಸೈಕಲ್ ಇರುತ್ತದೆ. ಟೈರಿನಲ್ಲಿ ಗಾಳಿ ಇರುವುದಿಲ್ಲ, ಸೀಟಿನ ಮೇಲೆ ಧೂಳು, ಹ್ಯಾಂಡಲ್ಲಿಗೆ ಯಾರೋ ಒರೆಸುವ ಬಟ್ಟೆ ಒಣಹಾಕಿರುತ್ತಾರೆ. ಓದಲು ಬಂದವರು ಬಿಟ್ಟು ಹೋದ ಸೈಕಲ್ಲುಗಳು ಇವು. ಇಲ್ಲಿನ ಪೀಜಿಗಳಲ್ಲಿ, ಒಂದು ರೂಮಿನ ಮನೆಗಳಲ್ಲಿ ಕೇರಳದವರು, ಮಣಿಪುರದವರು, ಆಫ್ರಿಕಾ ಮತ್ತು ಅರಬ್ ದೇಶಗಳಿಂದ ಬಂದವರು ಒಬ್ಬರ ಪಕ್ಕ ಒಬ್ಬರು ಇದ್ದು ಓದಿಕೊಂಡು ಹೋಗುತ್ತಾರೆ. ಡಿಗ್ರಿ ಮುಗಿಸಿ ಊರಿಗೆ ಹೊರಡುವ ವಾರ ಹಾಸಿಗೆ, ಮೇಜು, ಗ್ಯಾಸ್ ಒಲೆ ಎಲ್ಲಕ್ಕೂ ಗಿರಾಕಿ ಸಿಗುತ್ತಾರೆ. ಸೈಕಲ್ ಮಾತ್ರ ಮೆಟ್ಟಿಲ ಕೆಳಗೇ ಉಳಿದುಬಿಡುತ್ತದೆ.

ಇವುಗಳಲ್ಲಿ ಒಂದೂ ಮುರಿದು ಬಿದ್ದು ಮೂಲೆ ಸೇರಿದ್ದಲ್ಲ. ಒಂದಕ್ಕೆ ಗೇರಿನ ವೈರು ತುಂಡಾಗಿದೆ. ಇನ್ನೊಂದರ ಡಿಸ್ಕ್ ಬ್ರೇಕು ಕಚ್ಚಿಕೊಂಡು ಚಕ್ರ ತಿರುಗುವುದಿಲ್ಲ. ಮತ್ತೊಂದು ಕೈಯಗಲದ ದಪ್ಪ ಟೈರಿನದು, ಅದಕ್ಕೆ ಹೊಂದುವ ಟ್ಯೂಬು ಹತ್ತಿರದ ಅಂಗಡಿಗಳಲ್ಲಿ ಸಿಕ್ಕಿಲ್ಲ. ಇಷ್ಟು ಚಿಕ್ಕ ಕಾರಣಕ್ಕೆ ಇಷ್ಟು ಒಳ್ಳೆಯ ವಸ್ತು ನಿಂತು ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೊಂಡ ದಿನದ ಬೆಲೆ ಏನೇ ಇರಲಿ, ಬೀದಿಯ ಕೊನೆಯಲ್ಲಿ ರಿಪೇರಿ ಆಗದ ಸೈಕಲ್ ಎಂದಿಗೂ ಅಗ್ಗದ್ದಲ್ಲ ಎಂದು ನಾನು ನಂಬಿದ್ದೇನೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವ ಸಂದರ್ಭ ನನ್ನ ತಂಗಿಯ ಮಗಳಿಂದ ಬಂತು.

ಅವಳಿಗೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸೀಟು ಸಿಕ್ಕಿತು. ಹೊರಗಿನವರು ಐಐಎಸ್ಸಿ ಅನ್ನುತ್ತಾರೆ, ಪತ್ರಿಕೆಗಳು ಭಾರತೀಯ ವಿಜ್ಞಾನ ಸಂಸ್ಥೆ ಎಂದು ಬರೆಯುತ್ತವೆ, ಬೆಂಗಳೂರಿನ ಹಳಬರಿಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. 1909ರಲ್ಲಿ ಶುರುವಾದ ಆ ಸಂಸ್ಥೆಗೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ನೆಲ 371 ಎಕರೆ. ಆಗ ಅದು ಬಟಾಬಯಲು, ಈಗ ಅದರ ಬೀದಿಗಳಿಗೆ ಮರಗಳದೇ ಹೆಸರು: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ, ತಾಳ ಮಾರ್ಗ. ಹಾಸ್ಟೆಲ್ ಒಂದು ಕಡೆ, ಪ್ರಯೋಗಾಲಯ ಇನ್ನೊಂದು ಕಡೆ, ಊಟದ ಮೆಸ್ಸು ಮತ್ತೊಂದು ಕಡೆ. ಬೆಳಗಿನಿಂದ ರಾತ್ರಿವರೆಗೆ ನಡೆದೇ ತಿರುಗಿದರೆ ಓದುವ ಹೊತ್ತಿನಲ್ಲಿ ಒಂದು ಪಾಲು ದಾರಿಗೇ ಹೋಗುತ್ತದೆ. ಹಾಗಾಗಿ ಅಲ್ಲಿ ಹುಡುಗರು, ಹುಡುಗಿಯರು, ತಲೆ ನರೆತ ಪ್ರೊಫೆಸರುಗಳು ಸಹ ಸೈಕಲ್ ತುಳಿಯುತ್ತಾರೆ. ಪ್ರತಿ ಕಟ್ಟಡದ ಮುಂದೆಯೂ ಸಾಲುಸಾಲಾಗಿ ಸೈಕಲ್ ನಿಂತಿರುವ ಜಾಗ ಬೆಂಗಳೂರಿನಲ್ಲಿ ಈಗ ಬೇರೆ ಯಾವುದಿದೆ?

"ದೊಡ್ಡಮ್ಮ, ಆರು ಸಾವಿರದೊಳಗೆ ಒಂದು ಸೈಕಲ್ ಆಗ್ಬೇಕು. ಹಳೇದಾದ್ರೂ ಪರ್ವಾಗಿಲ್ಲ, ಕ್ಯಾರಿಯರ್ ಇರ್ಲೇಬೇಕು," ಅಂದಳು.

ಕ್ಯಾರಿಯರ್ ಬೇಕು ಅಂದದ್ದಕ್ಕೇ ಅವಳಿಗೆ ಸೈಕಲ್ ಗೊತ್ತು ಅನ್ನುವುದು ಗೊತ್ತಾಯಿತು. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ ಎಂಟನೇ ಕ್ಲಾಸಿಗೆ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಹೈಸ್ಕೂಲು ಮುಗಿಸಿದವಳು ಅವಳು. 2006-07ರಲ್ಲಿ ಕರ್ನಾಟಕ ಸರ್ಕಾರ ಶುರು ಮಾಡಿದ ಆ ಯೋಜನೆಯಿಂದ ಹಳ್ಳಿಯ ಎಷ್ಟು ಹೆಣ್ಣುಮಕ್ಕಳ ಶಾಲೆ ಉಳಿಯಿತು ಎಂಬುದನ್ನು ನಮ್ಮ ಮನೆಯೊಂದರಲ್ಲೇ ನೋಡಿದ್ದೇನೆ. ಅವಳ ಅಕ್ಕ, ಚಿಕ್ಕಪ್ಪನ ಮಗಳು, ಎದುರು ಮನೆಯ ಹುಡುಗಿ, ಎಲ್ಲರೂ ಒಟ್ಟಿಗೆ ಹೊರಟು ಒಟ್ಟಿಗೆ ಬರುತ್ತಿದ್ದರು. ಹಳ್ಳಿಯ ದಾರಿಯಲ್ಲಿ ಒಬ್ಬಳನ್ನೇ ಕಳಿಸಲು ಅಪ್ಪ ಅಮ್ಮ ಹೆದರುತ್ತಿದ್ದ ಕಾಲದಲ್ಲಿ, ಆರೇಳು ಸೈಕಲ್ಲುಗಳ ಗುಂಪು ಹೊರಟರೆ ಆ ಹೆದರಿಕೆ ತಾನಾಗಿ ಕರಗಿತು. ನಮ್ಮ ಹುಡುಗಿ ಸೈಕಲ್ಲಿನ ಹಿಂದಿನ ಕ್ಯಾರಿಯರ್‌ನಲ್ಲಿ ಚೀಲ ಕಟ್ಟಿಕೊಂಡು ಹೋದವಳು ಬರುವಾಗ ಹಸುವಿಗೆ ಹಿಂಡಿಯನ್ನೂ ತರುತ್ತಿದ್ದಳು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಅದು ನಿಲ್ಲಬಾರದಿತ್ತು. ಶಾಲೆಗೆ ಕೊಡುವ ಯಾವ ವಸ್ತುವೂ ಮನೆಯವರ ಮನಸ್ಸನ್ನು ಅಷ್ಟು ಬೇಗ ಬದಲಾಯಿಸಿದ್ದು ನಾನು ಕಂಡಿಲ್ಲ.

ಮೊದಲು ಹೊಸ ಸೈಕಲ್ ನೋಡೋಣವೆಂದು ಅವಳನ್ನು ಮುಖ್ಯರಸ್ತೆಯ ಒಂದು ಷೋರೂಮಿಗೆ ಕರೆದುಕೊಂಡು ಹೋದೆ. ಕಮ್ಮನಹಳ್ಳಿ ಮುಖ್ಯರಸ್ತೆ ಅಂದರೆ ಸಂಜೆಯಾದ ಮೇಲೆ ತಿನ್ನುವವರ ಜಾತ್ರೆ. ಕಬಾಬು, ಷವರ್ಮಾ, ಮೊಮೊ, ಅದರ ನಡುವೆ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಸೈಕಲ್ ಅಂಗಡಿ. ಅಂಗಡಿಯ ಹುಡುಗ ಬಹಳ ಮರ್ಯಾದೆಯಿಂದ ಎಲ್ಲವನ್ನೂ ತೋರಿಸಿದ. ಮುಂದೆ ಸ್ಪ್ರಿಂಗು, ನಡುವೆ ಸ್ಪ್ರಿಂಗು, ಎರಡೂ ಚಕ್ರಕ್ಕೆ ಡಿಸ್ಕು, 21 ಗೇರು. ನೋಡಲು ಬಹಳ ಚೆಂದ. ಹುಡುಗಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಸೈಕಲ್ ಕೊಳ್ಳುವಾಗ ಎತ್ತಿ ನೋಡಬೇಕು. ಹಾಸ್ಟೆಲ್ಲಿನ ಮೆಟ್ಟಿಲು, ಚರಂಡಿಯ ಕಲ್ಲು, ನಿಲ್ಲಿಸಿದ ಸಾಲಿನಿಂದ ಎಳೆದು ತೆಗೆಯುವುದು, ಇವೆಲ್ಲ ತೋಳಿನ ಕೆಲಸ.

ಕಡಿಮೆ ಬೆಲೆಯ ಸೈಕಲ್ಲಿಗೆ ಸ್ಪ್ರಿಂಗು ಹಾಕಿದರೆ ಆಗುವುದು ಇಷ್ಟು: ತೂಕ ಎರಡು ಮೂರು ಕಿಲೋ ಏರುತ್ತದೆ, ತುಳಿದ ಬಲದಲ್ಲಿ ಒಂದು ಭಾಗ ಸ್ಪ್ರಿಂಗು ಕುಗ್ಗುವುದಕ್ಕೆ ಹೋಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಕಲ್ಲು ಹಾರಿಸಿಕೊಂಡು ಹೋಗುವವರಿಗೆ ಅದು ಬೇಕು, ಡಾಂಬರು ಹಾಕಿದ ಕಾಲೇಜು ರಸ್ತೆಗೆ ಬೇಡ. ಡಿಸ್ಕ್ ಬ್ರೇಕು ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಸಾಲಿನಲ್ಲಿ ಪಕ್ಕದ ಸೈಕಲ್ ಅದರ ಮೇಲೆ ಬಿದ್ದು ತಟ್ಟೆ ಒಂದು ಕೂದಲೆಳೆ ಸೊಟ್ಟಗಾದರೂ ತಿರುಗುವಾಗೆಲ್ಲ ಸರಸರ ಉಜ್ಜುತ್ತದೆ. ರಿಮ್ಮನ್ನು ಹಿಡಿಯುವ ಸಾಮಾನ್ಯ ಬ್ರೇಕಿನ ರಬ್ಬರು ಸವೆದರೆ ಕಣ್ಣಿಗೆ ಕಾಣುತ್ತದೆ, ಹತ್ತಿಪ್ಪತ್ತು ರೂಪಾಯಿಯ ಮಾತು, ಹುಡುಗಿಯೇ ಹಾಕಿಕೊಳ್ಳಬಹುದು.

ಗೇರಿನ ವಿಷಯಕ್ಕೆ ಸ್ವಲ್ಪ ಲೆಕ್ಕ ಹಾಕಿದೆವು. ಪೆಡಲಿನ ಹತ್ತಿರದ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಒಂದು ಸುತ್ತು ತುಳಿದಾಗ ಹಿಂದಿನ ಚಕ್ರ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರು ಹೋಗುತ್ತದೆ. ಅಂದರೆ ಒಂದು ತುಳಿತಕ್ಕೆ ಐದು ಮೀಟರು. ಸಮತಟ್ಟಾದ ನೆಲದಲ್ಲಿ ಅವಸರವಿಲ್ಲದೆ ಹೋಗುವವರಿಗೆ ಇದಕ್ಕಿಂತ ಹದವಾದ ಲೆಕ್ಕ ಬೇಡ. ಮಂಗಳಗಂಗೋತ್ರಿಯಲ್ಲೋ ಮಡಿಕೇರಿಯಲ್ಲೋ ಓದುವವರಿಗೆ ಗೇರು ಬೇಕೇ ಬೇಕು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಜಿಕೆವಿಕೆಯಲ್ಲಿ, ಜ್ಞಾನಭಾರತಿಯ ಬಹುಪಾಲು ರಸ್ತೆಗಳಲ್ಲಿ ಒಂದೇ ಗೇರು ಸಾಕು.

ಷೋರೂಮಿನಲ್ಲಿ ಅವಳಿಗೆ ಹಿಡಿಸಿದ್ದೂ ಒಂದಿತ್ತು, ಸಾದಾ ಸೈಕಲ್, ಮುಂದೆ ಬುಟ್ಟಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದ್ದು ನಮಗೆ ಅನುಕೂಲವೇ ಆಗಿತ್ತು. ಆದರೂ ಮಡ್‌ಗಾರ್ಡ್, ಕ್ಯಾರಿಯರ್, ಬೀಗ, ಬೆಲ್ಲು, ಲೈಟು ಎಂದು ಬೇರೆ ಬೇರೆ ಕೂಡಿಸಿದಾಗ ಆರು ಸಾವಿರ ದಾಟಿ ಮುಂದೆ ಹೋಯಿತು. ಸೈಕಲ್ಲಿನ ಬೆಲೆ ಹೇಳುವಾಗ ಇವನ್ನು ಸೇರಿಸದೆ ಹೇಳುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಲ್ಲಿ ಬೆಂಗಳೂರಿನ ಸೆಪ್ಟೆಂಬರ್ ಮಳೆಯಲ್ಲಿ ಕ್ಲಾಸಿಗೆ ಹೋದವರ ಬೆನ್ನಿನ ಮೇಲೆ ಕೆಸರಿನ ಪಟ್ಟೆ ಸೊಂಟದಿಂದ ಕತ್ತಿನವರೆಗೆ ಹರಿದಿರುತ್ತದೆ. ಚೈನ್ ಕವರಿಲ್ಲದಿದ್ದರೆ ದುಪಟ್ಟಾ, ಪ್ಯಾಂಟಿನ ಅಂಚು ಚೈನಿಗೆ ಸಿಕ್ಕುತ್ತದೆ. ಇವು ಅಲಂಕಾರವಲ್ಲ, ಸೈಕಲ್ಲಿನ ಅಂಗಗಳೇ.

ನೆಹರು ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಸೈಕಲ್ ರಿಪೇರಿಯವರು ಒಬ್ಬರು ಕೂರುತ್ತಾರೆ. ಅಂಗಡಿ ಅಂದರೆ ಒಂದು ಶೀಟು, ಒಂದು ಪಂಪು, ನೀರು ತುಂಬಿದ ಅಗಲ ಬಾಂಡ್ಲಿ, ಹಳೆ ಟೈರುಗಳ ಹಾರ. ಕನ್ನಡ, ತಮಿಳು, ಉರ್ದು ಮೂರನ್ನೂ ಅಷ್ಟೇ ಸರಾಗವಾಗಿ ಮಾತಾಡುವವರು. ಅವರ ತಂದೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯ ಗೇಟಿನ ಹತ್ತಿರ ಇದೇ ಕೆಲಸ ಮಾಡುತ್ತಿದ್ದರಂತೆ.

ಎನ್‌ಜಿಇಎಫ್ ಅಂದಾಗ ನನಗೆ ನೆನಪು ಹಿಂದಕ್ಕೆ ಓಡುತ್ತದೆ. ಬೆಂಗಳೂರಿನ ಪೂರ್ವ ಭಾಗ ಬೆಳೆದದ್ದೇ ಕಾರ್ಖಾನೆಗಳಿಂದ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1956ರಲ್ಲಿ ಎನ್‌ಜಿಇಎಫ್, 1964ರಲ್ಲಿ ಬಿಇಎಂಎಲ್. ಷಿಫ್ಟ್ ಬಿಡುವ ಹೊತ್ತಿಗೆ ಹಳೆ ಮದರಾಸು ರಸ್ತೆಯಲ್ಲಿ ಬಸ್ಸು ನಿಂತು ಸೈಕಲ್ಲಿಗೆ ದಾರಿ ಕೊಡುತ್ತಿತ್ತು. ಖಾಕಿ ಅಂಗಿ, ಹ್ಯಾಂಡಲ್ಲಿಗೆ ತೂಗುಹಾಕಿದ ಊಟದ ಡಬ್ಬಿ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಮಾತಾಡುತ್ತ ತುಳಿಯುವ ಜನ. ಸರ್ಕಾರಿ ನೌಕರರಿಗೆ ಸೈಕಲ್ ಕೊಳ್ಳಲು ಸಂಬಳದಲ್ಲಿ ಹಿಡಿದುಕೊಳ್ಳುವ ಮುಂಗಡವೂ ಇತ್ತು. ಕೇಂದ್ರ ಸರ್ಕಾರ ಅದನ್ನು 2016ರಲ್ಲಿ ಕೈಬಿಟ್ಟಿತು. ಮನೆಯಲ್ಲಿ ಸೈಕಲ್ ಇದ್ದರೆ ಹೆಣ್ಣು ಕೊಡುವವರು ಅದನ್ನೊಂದು ಮಾತಾಗಿ ಹೇಳುತ್ತಿದ್ದರು. ಕಾರ್ಪೊರೇಷನ್ನಿಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ತರಬೇಕಿತ್ತು, ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಮಕ್ಕಳಾದ ನಮಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಚಿಕ್ಕ ಸೈಕಲ್ಲುಗಳಿದ್ದವು, ದೊಡ್ಡವರ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿಯುವುದೂ ಇತ್ತು.

ಆ ಕಾಲದ ಸೈಕಲ್ಲಿಗೆ ಒಂದು ದೊಡ್ಡ ಗುಣವಿತ್ತು. 1949ರಲ್ಲಿ ಶುರುವಾಗಿ ಮದರಾಸಿನ ಅಂಬತ್ತೂರಿನಲ್ಲಿ ಸೈಕಲ್ ಮಾಡಿದ ಟಿಐ ಕಂಪನಿಯ ಹರ್ಕ್ಯುಲಿಸ್ ಇರಲಿ, 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್ ಇರಲಿ, 1956ರಲ್ಲಿ ಲುಧಿಯಾನದಲ್ಲಿ ಶುರುವಾದ ಹೀರೋ ಇರಲಿ, ಆ ಕಪ್ಪು ಸೈಕಲ್ಲುಗಳಲ್ಲಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಪೆಡಲು, ಕೋನು, ಕಾಟರ್ ಪಿನ್ನು, ಬ್ರೇಕ್ ರಬ್ಬರು ಎಲ್ಲ ಒಂದೇ ಅಳತೆ. ಬೀದರಿನಲ್ಲಿ ಕೆಟ್ಟರೂ ಕೊಳ್ಳೇಗಾಲದಲ್ಲಿ ಕೆಟ್ಟರೂ ಅಲ್ಲೇ ಸಾಮಾನು ಸಿಗುತ್ತಿತ್ತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಕಾರ್ಖಾನೆ ನಿಂತ ಮೇಲೂ ನಮ್ಮ ಬೀದಿಯ ಹಾಲಿನವರ ಅಟ್ಲಾಸ್ ಓಡುತ್ತಲೇ ಇದೆ, ಕಾರಣ ಆ ಒಂದೇ ಅಳತೆ.

ರಿಪೇರಿಯವರಿಗೆ ವಿಷಯ ಹೇಳಿದೆವು. "ಹೊಸದು ಯಾಕಮ್ಮಾ, ಪಕ್ಕದ ಬಿಲ್ಡಿಂಗ್ ಹುಡುಗ ಊರಿಗೆ ಹೊರಟವ್ನೆ, ಸೈಕಲ್ ಮಾರ್ತಾನಂತೆ. ತರಿಸ್ತೀನಿ, ನೋಡಿ ಆಮೇಲೆ ಹೇಳಿ," ಅಂದರು. ಆ ಹುಡುಗ ತಾಂಜಾನಿಯಾದವನು, ಕಾಮರ್ಸ್ ಮುಗಿಸಿದ್ದ. ಅವನು ತಂದದ್ದು 26 ಇಂಚಿನ ಚಕ್ರದ, ಒಂದೇ ಗೇರಿನ, ಬಾರ್ ಇಳಿಜಾರಾಗಿರುವ ನೀಲಿ ಸೈಕಲ್. ಕ್ಯಾರಿಯರ್ ಇತ್ತು, ಡಬಲ್ ಸ್ಟ್ಯಾಂಡ್ ಇತ್ತು. ಮುಂದಿನ ಬೆಲ್ಲಿನ ಮುಚ್ಚಳ ಇರಲಿಲ್ಲ.

ಅವರು ಅದನ್ನು ಪರೀಕ್ಷೆ ಮಾಡಿದ ರೀತಿಯನ್ನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಬಣ್ಣವನ್ನಾಗಲಿ ಟೈರನ್ನಾಗಲಿ ನೋಡಲಿಲ್ಲ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಒಮ್ಮೆ ತಿರುಗಿಸಿ ಬಿಟ್ಟರು, ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದನ್ನೇ ದಿಟ್ಟಿಸಿದರು. ರಿಮ್ಮು ಒಂದು ಕಡೆಗೆ ವಾಲಿ ರಬ್ಬರಿಗೆ ತಾಕಿ ಹೋಗುತ್ತಿತ್ತು. ಸ್ಪೋಕುಗಳನ್ನು ಎರಡೆರಡಾಗಿ ಹಿಡಿದು ಹಿಸುಕಿದರು; ಸಡಿಲವಿದ್ದದ್ದು ಬೆರಳಿಗೆ ಬಾಗುತ್ತಿತ್ತು, ಬಿಗಿಯಿದ್ದದ್ದು ಟಣ್ ಅನ್ನುತ್ತಿತ್ತು. ಆಮೇಲೆ ಚಕ್ರವನ್ನು ಎರಡು ಕೈಯಲ್ಲೂ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದರು. ಪೆಡಲಿನ ಎರಡೂ ಕಡ್ಡಿ ಹಿಡಿದು ಹಾಗೇ ಮಾಡಿದರು, ಕಟ್ ಅಂತ ಒಂದು ಸದ್ದು ಬಂತು. "ಒಳಗೆ ಬಾಲ್ಸ್ ಸವೆದಿದೆ. ಅದು ದೊಡ್ಡದಲ್ಲ, ಹೊಸದು ಹಾಕಿ ಗ್ರೀಸ್ ತುಂಬಿದ್ರೆ ಆಯ್ತು. ಫ್ರೇಮ್ ನೋಡಿ ಪಾಪ, ಅದೇ ಮುಖ್ಯ," ಎಂದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಪೈಪುಗಳು ಕೂಡುವ ಬೆಸುಗೆಯ ಜಾಗಗಳಲ್ಲೆಲ್ಲ ಹೆಬ್ಬೆರಳು ಆಡಿಸಿದರು. ಬಣ್ಣದಲ್ಲಿ ಕೂದಲಿನಷ್ಟು ಬಿರುಕು ಕಂಡರೆ ಆ ಸೈಕಲ್ ಬೇಡ, ಉಳಿದದ್ದನ್ನೆಲ್ಲ ಬದಲಿಸಬಹುದು. ಫ್ರೇಮಿನ ಅಡಿಯಲ್ಲಿ, ಪೆಡಲ್ ಕೂಡುವ ಜಾಗದಲ್ಲಿ ಒತ್ತಿದ್ದ ನಂಬರನ್ನು ಬಟ್ಟೆಯಿಂದ ಒರೆಸಿ ಹುಡುಗಿಗೆ ತೋರಿಸಿ ಬರೆದುಕೊಳ್ಳಲು ಹೇಳಿದರು. ಹಳೆ ಸೈಕಲ್ ಕೊಳ್ಳುವವರು ಹಳೆ ಬಿಲ್ಲನ್ನೂ ಕೇಳಿ ಪಡೆಯಬೇಕು. ಕಾಲೇಜುಗಳ ಸುತ್ತ ಕದ್ದ ಸೈಕಲ್ಲೂ ಕೈ ಬದಲಾಗಬಹುದು. ಆ ಹುಡುಗ ಫೋನಿನಲ್ಲಿ ಬಿಲ್ಲು ತೋರಿಸಿದ, ಅದರ ಮೇಲೂ ಅದೇ ನಂಬರಿತ್ತು.

ಎರಡು ಸಾವಿರಕ್ಕೆ ವ್ಯಾಪಾರ ಆಯಿತು. ಹುಡುಗಿ ಚೌಕಾಸಿ ಮಾಡಲಿಲ್ಲ, ನಾನೂ ಮಾಡಲಿಲ್ಲ. ದೂರದೇಶದಲ್ಲಿ ಓದು ಮುಗಿಸಿ ಹೊರಟ ಮಗುವಿನ ಹತ್ತಿರ ಇನ್ನೂರು ರೂಪಾಯಿ ಉಳಿಸಿ ಏನು ಕಟ್ಟಿಕೊಳ್ಳುವುದು? ಅವನೂ ಅಷ್ಟೇ, ಹೋಗುವಾಗ ತನ್ನ ಬೀಗವನ್ನೂ ಎರಡು ಕೀಯನ್ನೂ ಅವಳ ಕೈಗಿಟ್ಟು ಹೋದ.

ಉಳಿದ ದಿನವೆಲ್ಲ ಓವರಾಯಿಲಿಂಗ್. ಹಬ್ಬು ಬಿಚ್ಚಿ, ಸೀಮೆಎಣ್ಣೆ ವಾಸನೆಯ ತಟ್ಟೆಯಲ್ಲಿ ಕರ್ರಗಾಗಿದ್ದ ಗುಂಡುಗಳನ್ನು ಸುರಿದು, ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಅಂಟಿಸಿ ಸುತ್ತ ಕೂರಿಸುವುದನ್ನು ಹುಡುಗಿ ಕಾಲು ಮಡಚಿ ಕೂತು ಕಲಿತಳು. ಎಡಗಡೆಯ ಪೆಡಲನ್ನು ಬಿಗಿ ಮಾಡಲು ಸ್ಪ್ಯಾನರನ್ನು ಉಲ್ಟಾ ತಿರುಗಿಸಬೇಕು ಎನ್ನುವುದು ಅವಳಿಗೆ ಆಗಲೇ ಗೊತ್ತಿತ್ತು. ರಿಪೇರಿಯವರು ತಲೆಯೆತ್ತಿ ನೋಡಿ ಸ್ಪ್ಯಾನರನ್ನು ಅವಳ ಕೈಗೇ ಕೊಟ್ಟರು. ಸೀಟಿನ ಎತ್ತರಕ್ಕೆ ಅವರ ಅಳತೆ ಸರಳ: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಮಡಚಿಕೊಂಡಿರುತ್ತದೆ, ನೋಯುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಎರಡೂ ಪಾದ ನೆಲಕ್ಕೆ ಊರಬೇಕೆಂದು ಸೀಟನ್ನು ತೀರ ಕೆಳಗಿಳಿಸಿ, ಮಂಡಿ ಹೊಟ್ಟೆಗೆ ತಾಗುವಂತೆ ತುಳಿದು ನೋವು ತಂದುಕೊಳ್ಳುತ್ತಾರೆ. ಇಳಿಯುವಾಗ ಸೀಟು ಬಿಟ್ಟು ಮುಂದೆ ಸರಿದು ನಿಲ್ಲುವುದನ್ನು ಒಂದು ಸಂಜೆ ಕಲಿತರೆ ಸಾಕು. ಎಲ್ಲ ಸೇರಿ, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಹೊಸ ಬೆಲ್ಲು ಹಾಕಿಸಿದರೂ ಅವಳ ಆರು ಸಾವಿರದಲ್ಲಿ ಅರ್ಧದಷ್ಟು ಉಳಿಯಿತು. ದೀಪದ ವಿಷಯದಲ್ಲಿ ನಾನು ಹಠ ಹಿಡಿದಿದ್ದೆ. ಲ್ಯಾಬಿನಿಂದ ರಾತ್ರಿ ಒಂದು ಗಂಟೆಗೆ ಬರುವವಳು, ಮರದ ಬೀದಿಗಳಲ್ಲಿ ಕತ್ತಲೆ ದಟ್ಟ.

ಕೊಳ್ಳುವುದೇ ಯಾಕೆ, ಬಾಡಿಗೆಗೆ ಸಿಗುವುದಿಲ್ಲವೇ ಎಂದು ಅವಳಪ್ಪ ಫೋನಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 2012ರಲ್ಲಿ 'ನಮ್ಮ ಸೈಕಲ್' ಎಂಬ ಹಂಚಿಕೆ ಸೈಕಲ್ಲಿನ ಪ್ರಯೋಗ ನಡೆದಿತ್ತು, ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವುದು. ಮೈಸೂರಿನಲ್ಲಿ 2017ರ ಜೂನಿನಿಂದ 'ಟ್ರಿಣ್ ಟ್ರಿಣ್' ಬಂತು. ಅಂಥದ್ದು ಎಲ್ಲ ಕಾಲೇಜಿಗೂ ಬರಲಿ ಎಂದೇ ನನ್ನ ಆಸೆ. ಆದರೆ ಅಪರಾತ್ರಿಯಲ್ಲಿ ಲ್ಯಾಬಿನ ಬಾಗಿಲಲ್ಲಿ ತನ್ನದೆಂದು ಒಂದು ಸೈಕಲ್ ನಿಂತಿರುವ ಧೈರ್ಯ ಬೇರೆ. ಅವಳಪ್ಪನಿಗೆ ಅಷ್ಟು ಹೇಳಿದಾಗ ಒಪ್ಪಿದರು.

ಭಾನುವಾರ ಬೆಳಿಗ್ಗೆ ಆರಕ್ಕೆ ಅವಳು ಅದನ್ನು ತುಳಿದುಕೊಂಡೇ ಹೊರಟಳು. ಲಿಂಗರಾಜಪುರದ ಮೇಲ್ಸೇತುವೆ, ಫ್ರೇಜರ್ ಟೌನ್, ನಂದಿದುರ್ಗ ರಸ್ತೆ, ಜಯಮಹಲ್, ಮೇಖ್ರಿ ಸರ್ಕಲ್, ಅಲ್ಲಿಂದ ಸಿ.ವಿ. ರಾಮನ್ ರಸ್ತೆ. ನಾನು ಅವಳ ಬಟ್ಟೆಯ ಪೆಟ್ಟಿಗೆ ಇಟ್ಟುಕೊಂಡು ಆಟೋದಲ್ಲಿ ಹಿಂದೆ ಹೋದೆ. ಆ ಹೊತ್ತಿನಲ್ಲಿ ಬೆಂಗಳೂರು ಸೈಕಲ್ಲಿಗೆ ಇನ್ನೂ ಜಾಗ ಕೊಡುತ್ತದೆ. ಎಂಟು ಗಂಟೆಯ ನಂತರ ಅದೇ ದಾರಿಯಲ್ಲಿ ಯಾವ ತಾಯಿಯೂ ಮಗಳನ್ನು ಧೈರ್ಯವಾಗಿ ಕಳಿಸಲಾರಳು, ಅದು ನಮ್ಮ ನಗರದ ದೊಡ್ಡ ಕೊರತೆ. ಕೊತ್ತನೂರಿನ ಕಾಲೇಜಿಗೆ ಹೆಣ್ಣೂರು ರಸ್ತೆಯಲ್ಲಿ ಸೈಕಲ್ ತುಳಿಯುತ್ತೇನೆ ಎನ್ನುವ ಎದುರು ಮನೆಯ ಹುಡುಗನಿಗೆ ಸರಿಯಾದ ಸೈಕಲ್ ಹೇಳಬಲ್ಲೆ, ಸರಿಯಾದ ರಸ್ತೆ ತೋರಿಸಲಾರೆ.

ಹಾಸ್ಟೆಲ್ಲಿನಿಂದ ಮೊನ್ನೆ ಫೋನ್ ಬಂತು. ಗೆಳತಿಯರಿಬ್ಬರು ಅವಳ ಸೈಕಲ್ ನೋಡಿ, ತಮಗೂ ಅಂಥದ್ದೇ ಬೇಕು ಎಂದರಂತೆ; ಒಬ್ಬಳು ರಾಯಚೂರಿನವಳು, ಇನ್ನೊಬ್ಬಳು ಕಾಸರಗೋಡಿನವಳು. ರಿಪೇರಿಯವರಿಗೆ ಹೇಳಿದ್ದೇನೆ. ನಮ್ಮ ಕಟ್ಟಡದ ಮಾಲೀಕರನ್ನೂ ಕೇಳಿದ್ದೇನೆ, ಅವರ ಮೆಟ್ಟಿಲ ಕೆಳಗಿನವಕ್ಕೆ ವಾರಸುದಾರರು ಯಾರಾದರೂ ಇದ್ದಾರೋ ಎಂದು ಪಟ್ಟಿ ನೋಡಿ ಹೇಳುತ್ತಾರಂತೆ. ಆ ಡಿಸ್ಕ್ ಬ್ರೇಕು ಕಚ್ಚಿಕೊಂಡಿರುವುದಕ್ಕೆ ಸಾಮಾನ್ಯ ಬ್ರೇಕು ಕೂರಿಸಲು ಫ್ರೇಮಿನಲ್ಲಿ ತೂತು ಇದೆಯಂತೆ. ರಾಯಚೂರಿನ ಹುಡುಗಿ ಎತ್ತರ, ಅವಳಿಗೆ ಅದು ಸರಿಹೋಗಬಹುದು. ಕ್ಯಾರಿಯರ್ ಮಾತ್ರ ಬೇರೆ ತರಿಸಬೇಕು.